ಅಂಗಳಕ್ಕೆ ಹೊಡೆಸಿದ ನೀರು

ಗೋಕಾಕ, ೧೯೫೮

ಶಿದ್ಲಿಂಗಪ್ಪ ಕಾಕಾ ಅವರಿಗೆ, ನಿಮ್ಮದೇ ಊರು ಕುಲಗೋಡದ ಮಗಳು ಪದ್ಮವ್ವನ ಶರಣು.

ನೀವು ಕಳಿಸಿದ ಕಾಗದ ಮುಟ್ಟಿತು. ‘ಬೆಂಕಿ ಹತ್ತಿದಾಗ ಕಾವಲುಗಾರ ಅಣ್ಣಪ್ಪ ಹೇಳದೇ ಕೇಳದೇ ಜಾಗ ಬಿಟ್ಟು ಹೋಗಿದ್ದನು’ ಎಂದು ಬರೆದು, ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟಿದ್ದೀರಿ. ನನ್ನ ಸಹಿ ಬಿದ್ದರೆ ಅವನ ಕೆಲಸ ಹೋಯಿತು, ನಿಮ್ಮ ಮ್ಯಾನೇಜರಿಕೆ ಉಳಿಯಿತು. ಸುಳ್ಳನ್ನು ಎಷ್ಟು ದುಂಡಗೆ ಬರೆದಿದ್ದೀರಿ! ನನ್ನ ಅಕ್ಷರಗಳು ಸೊಟ್ಟಗಿವೆ. ಬಲಗೈ ಸುಟ್ಟಿದೆ, ಎಡಗೈಯಿಂದ ಬರೆಯುತ್ತಿದ್ದೇನೆ.

ನಮ್ಮ ಹತ್ತಿ ಬಿಡಿಸುವ ಜಿನ್ನಿನ ನೀರಿನ ಟಾಕಿ ಒಡೆದು, ಬೆಂಕಿ ಆರಿಸುವ ನಳಗಳು ಒಣಗಿ ಹದಿನೈದು ದಿನವಾಗಿತ್ತು. ಅಷ್ಟು ದಿನ ಗೋದಾಮನ್ನು ಕಾಯ್ದದ್ದು ಗೋಡೆಗುಂಟ ಇಟ್ಟ ಆರು ಪೀಪಾಯಿ ನೀರು ಮತ್ತು ಅಣ್ಣಪ್ಪನ ಅಂಗೈ. ಅರಳೆಗೆ ಹತ್ತಿದ ಬೆಂಕಿ ಮೊದಲು ಕಣ್ಣಿಗೆ ಬೀಳುವುದಿಲ್ಲ, ಒಳಗೊಳಗೇ ಬೇಯುತ್ತದೆ. ಅದಕ್ಕೇ ಅವನು ತಾಸಿಗೊಮ್ಮೆ ಪ್ರತಿ ರಾಶಿಯೊಳಗೆ ಮೊಣಕೈತನಕ ಕೈ ತೂರಿಸಿ ಕಾವು ನೋಡುತ್ತಿದ್ದ. “ಏನೋ ಅಣ್ಣಪ್ಪ, ಎಮ್ಮಿ ಗಬ್ಬ ನೋಡಾಕತ್ತೀ ಏನು?” ಎಂದು ನೀವು ನಕ್ಕಿರಿ. ಆ ಮಾತಿಗೆ ನಕ್ಕವರು ನೀವೊಬ್ಬರೇ.

ಜಿನ್ನಿನ ಮಾಲಕರಾದ ಹುಕ್ಕೇರಿಯ ಧಣಿ ಬರುವ ದಿನ ಬಂತು. ಅವರ ಧೋತರಕ್ಕೆ ಧೂಳು ಹತ್ತಬಾರದೆಂದು ಆರೂ ಪೀಪಾಯಿ ನೀರನ್ನು ಅಂಗಳಕ್ಕೆ ಹೊಡೆಸಿದಿರಿ. ಅಣ್ಣಪ್ಪ ಬೇಡ ಎಂದ. “ಬೆಂಕಿ ಇವತ್ತ ಬರತೈತಂತ ನಿನಗ ಪತ್ರ ಬಂದೈತೇನು? ಹೋಗು, ತೋರಣ ಕಟ್ಟು” ಎಂದು ಅವನನ್ನು ಗೋದಾಮಿನಿಂದ ಅಟ್ಟಿದಿರಿ. ಹತ್ತಿಯೊಳಗಿನ ಕಸ ಆರಿಸುತ್ತ ಕೂತಿದ್ದ ನಾನು ಕಿವಿಯಾರೆ ಕೇಳಿದ್ದೇನೆ.

ಸ್ವಲ್ಪ ಹೊತ್ತಿಗೇ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಪೀಪಾಯಿಗಳಲ್ಲಿ ಬೊಗಸೆ ನೀರಿರಲಿಲ್ಲ. ಕೈಗೆ ಸಿಕ್ಕದ್ದು ಧಣಿಗೆಂದು ಮಾಡಿಟ್ಟ ಕೊಳಗ ಚಹಾ. ಹೊಗೆಯಾಡುವ ಅರಳೆಯನ್ನು ಬರಿಗೈಯಿಂದ ಹೊರಗೆಳೆದು ಅದರ ಮೇಲೆ ಸುರಿದೆ, ಬೆಂಕಿ ಆರಿತು. ನೀವು ಓಡಿ ಬಂದಿರಿ. ಬೊಬ್ಬೆ ಎದ್ದ ನನ್ನ ಕೈ ನಿಮಗೆ ಕಾಣಲಿಲ್ಲ. “ಅಯ್ಯಯ್ಯ, ಧಣ್ಯಾರ ಚಹಾ ಚೆಲ್ಲಿದೆಲ್ಲವ್ವಾ!” ಎಂದಿರಿ. ಕಾಕಾ, ಆ ಗಳಿಗೆಯಲ್ಲಿ ನಿಮ್ಮನ್ನು ಕಾಕಾ ಎಂದು ಕರೆದ ಬಾಯಿಯ ಮೇಲೆ ನನಗೇ ಹೇಸಿಕೆ ಬಂತು.

ನನ್ನನ್ನು ಈ ಕೆಲಸಕ್ಕೆ ಹಚ್ಚಿದವರು ನೀವು. ಉಪ್ಪಿನ ಋಣ ನೆನಪಿಸಿದ್ದೀರಿ. ಉಪ್ಪು ತಿಂದದ್ದು ಖರೆ, ಮಾನ ತಿಂದಿಲ್ಲ.

ಆದದ್ದನ್ನು ಆದಂತೆ ಇನ್ನೊಂದು ಕಾಗದದಲ್ಲಿ ಬರೆದು ಸಹಿ ಹಾಕಿದ್ದೇನೆ. ಅದನ್ನೂ ನಿಮ್ಮ ಕಾಗದವನ್ನೂ ಹಿಡಿದುಕೊಂಡು ಅಣ್ಣಪ್ಪ ಮುಂಜಾನೆಯ ಬಸ್ಸಿಗೆ ಹುಕ್ಕೇರಿಗೆ ಹೋದ. ನೀವು ಇದನ್ನು ಓದುವ ಹೊತ್ತಿಗೆ ಧಣಿ ಎರಡನ್ನೂ ಓದಿ ಮುಗಿಸಿರುತ್ತಾರೆ.

ದೇವರು ನಿಮಗೆ ನೂರು ವರ್ಷ ಆಯುಷ್ಯ ಕೊಡಲಿ. ಬುದ್ಧಿಯನ್ನೂ ಕೊಡು ಎಂದು ಕೇಳಿ ಅವನನ್ನು ಪೇಚಿಗೆ ಸಿಕ್ಕಿಸುವುದಿಲ್ಲ.

ಇಂತಿ,
ಪದ್ಮವ್ವ