ಗುಂಡ್ಯಾನ ಪಾಲಿನ ಕಡಬು

ಆಗಸ್ಟ್ ೨೮, ಗುರುವಾರ. ಬನಹಟ್ಟಿ.

ಹೊಟ್ಟೆ ಉಬ್ಬರಿಸಿದೆ. ಕಾರಣವನ್ನು ಯಾರ ಮುಂದೂ ಹೇಳುವಂತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಜಮಖಂಡಿಯಿಂದ ಗಿನಿಪಿಗ್ ತಂದ ದಿನವೇ ಅತ್ತೆಗೆ ಅದು ಮೊಲದ ಜಾತಿ ಎಂದು ಸುಳ್ಳು ಹೇಳಿದ್ದೆ. ಇಲಿಯ ನೆಂಟ ಎಂದರೆ ನೇಕಾರರ ಮನೆಯೊಳಗೆ ಯಾರು ಬಿಟ್ಟುಕೊಳ್ಳುತ್ತಾರೆ? ಗುಂಡ್ಯಾ ಎಂದು ಹೆಸರೂ ಇಟ್ಟೆ. ಇವತ್ತು ಬೆಳಿಗ್ಗೆ ಆ ಭೂಪ ಪಂಜರದಿಂದ ಜಾರಿಕೊಂಡು ಮಗ್ಗದ ಕೆಳಗೆ ಕೂತು ನೂಲು ಕಡಿಯುತ್ತಿದ್ದ.

"ಶೇವಂತಿ, ಮೊಲ ನೂಲ ತಿಂತೈತೇನ? ಇದು ಖರೇನ ಇಲಿ. ಈಗಿಂದೀಗ ವಾಪಸ್ ಕೊಟ್ಟ ಬಾ!"

"ಹೌದ್ರಿ ಅತ್ತಿ, ಇಲೀನ. ಆದ್ರ ಇವತ್ತ ಇಲಿ ವಾರ ಅಲ್ರಿ? ಇವತ್ತ ಹೊರಗ ಹಾಕೂದೇನ್ರಿ?"

ಗಣಪತಿ ಕೂತ ಮರುದಿನವೇ ಇಲಿ ವಾರ; ಅಂದು ಮಗ್ಗ ನಿಲ್ಲಿಸಿ, ನೂಲು ಕಡಿಯಬೇಡಪ್ಪಾ ಎಂದು ಇಲಿಗೆ ಕಡಬು ಇಡುವವರು ಅತ್ತೆಯೇ. ಮಗ್ಗದ ಮುಂದಿದ್ದ ಎಡೆಯನ್ನು ಎತ್ತಿ ತಂದು ಪಂಜರದ ಮುಂದಿಟ್ಟು ಕೈಮುಗಿದರು. ಆರು ಕಡಬು, ಮೇಲೆ ಧಾರಾಳ ತುಪ್ಪ.

ಗುಂಡ್ಯಾನಿಗೆ ಹುಲ್ಲು, ಸೊಪ್ಪು ಬಿಟ್ಟು ಬೇರೇನೂ ಕೊಡಬೇಡಿ, ಸಿಹಿಯಂತೂ ಮುಟ್ಟಿಸಲೇಬೇಡಿ ಎಂದು ದನದ ಡಾಕ್ಟರು ಹೇಳಿದ್ದಾರೆ. ಅತ್ತೆ ಒಳಗೆ ಹೋದ ಕೂಡಲೇ ಆರನ್ನೂ ನಾನೇ ನುಂಗಿದೆ. ಗುಂಡ್ಯಾ ಮೆಂತ್ಯದ ಸೊಪ್ಪು ಜಗಿಯುತ್ತ ನನ್ನನ್ನೇ ನೋಡುತ್ತಿದ್ದ.

ಖಾಲಿ ತಾಟು ಕಂಡು ಅತ್ತೆಯ ಕಣ್ಣಲ್ಲಿ ನೀರು. "ನಲವತ್ತ ವರ್ಷ ಎಡಿ ಇಟ್ಟೇನಿ, ಒಮ್ಮಿನೂ ಹಿಂಗ ತಾಟ ಖಾಲಿ ಆಗಿದ್ದಿಲ್ಲ ನೋಡ. ಇವನ್ನ ಎಲ್ಲೂ ಕಳಸಬ್ಯಾಡ. ನಾ ದಿನಾ ಕಡಬು ಮಾಡ್ತೇನಿ."

ಗುಂಡ್ಯಾ ಬಚಾವಾದ. ಇನ್ನು ದಿನಾ ಅವನ ಪಾಲಿನ ಕಡಬು ನುಂಗಿ ನಾನು ಬಚಾವಾಗುವುದು ಹೇಗೆ?