ಗದ್ದಲದ ಮೇಲಿನ ಹೆಣ್ಣುದನಿ

೧೪ ನವೆಂಬರ್, ಗುರುವಾರ

ಮಧ್ಯಾಹ್ನ ತಂಗಿ ಹೇಳಿದ ಮಾತು ಇನ್ನೂ ತಲೆಯಿಂದ ಇಳಿದಿಲ್ಲ.

ನಾಲ್ಕು ತಿಂಗಳಿಂದ ತಂಗಿ ನಮ್ಮ ಬೈಂಡಿಂಗ್ ಅಂಗಡಿಯಲ್ಲಿ ಅದ್ಯಾವುದೋ ಜರ್ಮನ್ ಮೆಟಲ್ ಸಂಗೀತದ ಬ್ಯಾಂಡಿನ ಹಾಡುಗಳನ್ನೇ ಹಾಕುತ್ತಿದ್ದಾಳೆ. ಗುಡುಗಿನಂಥ ಗಿಟಾರು, ಪಿಟೀಲುಗಳ ದಂಡು, ಗಂಟಲು ಹರಿದುಕೊಳ್ಳುವ ಗಂಡಸು. ಮೊದಮೊದಲು ತಲೆ ಚಿಟ್ಟು ಹಿಡಿದು, "ಏನೇ ಇದು, ಸಾವಿನ ಮನೆ ಥರ," ಎಂದು ಬೈಯುತ್ತಿದ್ದೆ. ಆಮೇಲೆ ಆ ಗದ್ದಲದ ಮೇಲೆ ತೇಲಿ ಬರುವ ಹೆಣ್ಣುದನಿ ಕಿವಿಗೆ ಬಿತ್ತು. ಒಂದು ಪದವೂ ಅರ್ಥವಾಗುವುದಿಲ್ಲ, ಆದರೆ ಈಗ ಅದಿಲ್ಲದೆ ಪುಟ ಹೊಲಿಯಲು ಸೂಜಿ ಓಡುವುದಿಲ್ಲ. ಬಿಗುಮಾನಕ್ಕೆ ಅವಳಿಗೆ ಹೇಳಿರಲಿಲ್ಲ. ಸದ್ದು ಕಡಿಮೆ ಮಾಡು ಎಂದು ದಿನಾ ಗದರುವುದನ್ನೂ ಬಿಟ್ಟಿರಲಿಲ್ಲ.

ಇವತ್ತು ಸೋತು ಒಪ್ಪಿಕೊಂಡೆ. "ಆ ಹುಡುಗಿ ಹಾಡೋದು ನಂಗೆ ತುಂಬಾ ಇಷ್ಟ ಆಗ್ಬಿಟ್ಟಿದೆ ಕಣೆ."

ತಂಗಿ ಅಂಟಿನ ಬ್ರಷ್ ಕೆಳಗಿಟ್ಟಳು. "ಈಗ ಹಾಡ್ತಿದ್ದಾಳಾ ಅಕ್ಕಾ?"

ಹಾಡುತ್ತಿದ್ದಳು, ಅಂಗಡಿ ತುಂಬಿ ತುಳುಕುವಷ್ಟು.

"ನಂಗೆ ಡ್ರಮ್ಮು, ಆ ಗಂಡಸಿನ ದನಿ ಅಷ್ಟೇ ಕೇಳ್ಸುತ್ತೆ. ಮೇಲಿನ ಸ್ವರ ಯಾವ್ದೂ ಕೇಳ್ಸದೆ ಎರಡು ತಿಂಗಳಾಯ್ತು. ವಾಪಸ್ ಬರಲ್ಲ ಅಂದ್ರು ಡಾಕ್ಟರು. ಅದಕ್ಕೇ ಜೋರಾಗಿ ಇಡ್ತಿದ್ದೆ, ಎಲ್ಲಾದ್ರೂ ಸಿಕ್ತಾಳೇನೋ ಅಂತ."

ಇಷ್ಟು ದಿನ ಸುಮ್ಮನೆ ಬೈಸಿಕೊಂಡು ಕೂತಿದ್ದಳಲ್ಲ.

ಹಾಡು ಮುಗಿದಾಗ ಅವಳೇ ಮತ್ತೆ ಹಚ್ಚಿದಳು. "ಅವಳು ಶುರು ಮಾಡ್ದಾಗ ಒತ್ತು," ಎಂದು ಅಂಗೈ ಚಾಚಿದಳು. ಒತ್ತಿದೆ. ದನಿ ಮೇಲೇರಿದಾಗ ಇನ್ನೂ ಗಟ್ಟಿಯಾಗಿ ಒತ್ತಿದೆ. ತಂಗಿ ಕಣ್ಣು ಮುಚ್ಚಿ, ಸರಿಯಾದ ಜಾಗದಲ್ಲೇ ತಲೆದೂಗಿದಳು.