ಒಂದು ಹಿಡಿ ಜೋಳ, ಒಂದು ಬೇಡಿಕೆ

ಮಾದನಹಿಪ್ಪರಗಾ
೧೧ ಫೆಬ್ರವರಿ ೧೯೮೪, ಶನಿವಾರ

ಮುದ್ದಿನ ತಂಗಿ ಮಾರ್ಥಾ,

ಕರ್ತನ ಹೆಸರಿನಲ್ಲಿ ನಿನಗೂ ನಿನ್ನ ನಾಲ್ಕು ಮಕ್ಕಳಿಗೂ ಅಕ್ಕನ ಪ್ರೀತಿ. ನಾಲ್ಕು ಎಂದೇ ಬರೆದಿದ್ದೇನೆ, ಮೂರಲ್ಲ. ಓದುತ್ತ ಹೋಗು, ತಿಳಿಯುತ್ತದೆ.

ನಿನ್ನ ಕಾಗದ ಬಂದು ಎಂಟು ದಿನವಾಯಿತು. ನಾಲ್ಕನೆಯದೂ ಹೆಣ್ಣಾಯಿತು, ಮಾತಿನಂತೆ ಬಂದು ಒಯ್ಯಿ ಅಕ್ಕಾ, ಹತ್ತೊಂಬತ್ತರ ರವಿವಾರ ಜೇವರ್ಗಿ ಚರ್ಚಿನಲ್ಲಿ ದೀಕ್ಷಾಸ್ನಾನದ ಹೊತ್ತಿಗೆ ನೀನೇ ತಾಯಾಗಿ ಕೂಸನ್ನು ಎತ್ತಿಕೊಂಡು ನಿಲ್ಲು ಎಂದು ಬರೆದಿದ್ದೀ. ನೀನು ಬಸುರಿಯಿದ್ದಾಗ ನಿನ್ನ ಅತ್ತೆ ಸುಭದ್ರಾಬಾಯಿಯವರು, "ಈ ಸಲಾನೂ ಹೆಣ್ಣಾದ್ರ ನಿಮ್ಮಕ್ಕಗ ಕೊಟ್ಟುಬಿಡು, ಪಾಪ, ಆಕಿಗಿ ಮಕ್ಕಳಿಲ್ಲ" ಎಂದಾಗ ನೀನು ತಲೆ ತಗ್ಗಿಸಿ "ಹೌದ್ರಿ" ಅಂದಿದ್ದೆ. ನಾನು ಅಲ್ಲೇ ಕೂತಿದ್ದೆ. ಒಳಗೊಳಗೇ ಕುಣಿದಿದ್ದೆ.

ಈಗ ಒಂದು ತಪ್ಪು ಒಪ್ಪಿಕೊಳ್ಳಬೇಕು. ಬೀಸಲು ಜೋಳ ಹಸನು ಮಾಡುವಾಗ ದೇವರಿಗೆಂದು ಒಂದು ಹಿಡಿ ತೆಗೆದಿಡುವುದು ಅವ್ವ ನಮಗೆ ಕಲಿಸಿದ್ದು. ಆಕೆ ಉಪಕಾರ ನೆನೆದು ಇಡುತ್ತಿದ್ದಳು. ನಾನು ಹದಿನಾರು ವರ್ಷ ಲಂಚದ ಹಾಗೆ ಇಟ್ಟೆ. ಒಂದು ಹಿಡಿ ಜೋಳ, ಒಂದು ಬೇಡಿಕೆ: ಕೂಸು ಕೊಡು. ನೀನು ಬಸುರಿಯಾದ ಮೇಲೆ ಬೇಡಿಕೆ ತಿರುಗಿತು: ಮಾರ್ಥಾಳಿಗೆ ಹೆಣ್ಣೇ ಆಗಲಿ. ನಿನ್ನ ಮನೆಯವರೆಲ್ಲ ಗಂಡಿಗಾಗಿ ಪ್ರಾರ್ಥಿಸುವಾಗ ನಿನ್ನ ಸ್ವಂತ ಅಕ್ಕ ಇಲ್ಲಿ ಎದುರು ಅರ್ಜಿ ಹಾಕುತ್ತಿದ್ದಳು. ಬರೆಯಲು ನಾಚಿಕೆಯಾಗುತ್ತದೆ.

ನಮ್ಮ ಪಾಸ್ಟರರು ಆಳಂದದಿಂದ ತಿಂಗಳಿಗೊಮ್ಮೆ ಬರುತ್ತಾರೆ. ಹೋದ ಮಳೆಗಾಲದಿಂದ ಚರ್ಚಿನ ಬೀಗದ ಕೈ ನನ್ನ ಹತ್ತಿರವೇ ಇದೆ. ದಿನಾ ಬೆಳಗ್ಗೆ ಕಸ ಗುಡಿಸಿ, ಜೋಳವನ್ನು ಅಲ್ಲಿಯ ಮಡಕೆಗೆ ಹಾಕಿ ಬರುವುದು ನನ್ನ ಕೆಲಸ. ಮೊದಮೊದಲು ಬೇಡಿಕೆ ಒಪ್ಪಿಸಿ ಓಡಿ ಬರುತ್ತಿದ್ದೆ. ಆಮೇಲೆ ಸ್ವಲ್ಪ ಹೊತ್ತು ಕೂಡತೊಡಗಿದೆ. ಹಾಡಿದೆ. ನನ್ನ ಕಂಠ ನಿನಗೆ ಗೊತ್ತೇ ಇದೆ; ಕೇಳುವವನು ಆತನೊಬ್ಬನೇ, ಎದ್ದು ಹೋಗಲಿಲ್ಲ. ಆತನ ಹತ್ತಿರ ಸುಮ್ಮನೆ ಕೂಡುವುದೇ ಎಷ್ಟು ಹಿತವಾಯಿತೆಂದರೆ, ಒಲೆಯ ಮೇಲೆ ಹಾಲಿಟ್ಟದ್ದು ಮರೆತು ಎರಡು ಸಲ ನಮ್ಮ ಮನೆಯವರಿಂದ, ನಿನ್ನ ಮಾಮನಿಂದ, ಬೈಸಿಕೊಂಡೆ. ಒಂದು ದಿನ ಮನೆಗೆ ಬಂದ ಮೇಲೆ ನೆನಪಾಯಿತು, ಇವತ್ತು ಏನೂ ಕೇಳಿಯೇ ಇಲ್ಲ ಎಂದು.

ಹೆದರಿಕೆಯಾಯಿತು. ಆಸೆ ಸತ್ತುಹೋಯಿತೇ? ಸತ್ತಿಲ್ಲ ಮಾರ್ಥಾ. ಬಸ್ ಸ್ಟ್ಯಾಂಡಿನಲ್ಲಿ ಯಾರದೇ ಕೂಸು ಕಂಡರೂ ಈಗಲೂ ಕೈ ಚಾಚುತ್ತೇನೆ. ಆದರೆ ಮೊದಲು ಕೂಸು ನನ್ನದಾಗಬೇಕಿತ್ತು. ಈಗ ಅದು ಸುಖವಾಗಿರಲಿ, ಅದರ ತಾಯಿಯೂ ಸುಖವಾಗಿರಲಿ ಎನಿಸುತ್ತದೆ. ಇದು ನಾನು ಹಟ ಹಿಡಿದು ಕಲಿತದ್ದಲ್ಲ. ದೇವರಲ್ಲಿ ಸಂತೋಷಪಟ್ಟವರ ಆಸೆಯನ್ನು ದೇವರು ಮರೆಯುವುದಿಲ್ಲ ಎಂದು ಅವ್ವ ಹೇಳುತ್ತಿದ್ದಳು. ಆ ಸಂತೋಷ ಆಸೆಯನ್ನೇ ತೊಳೆದು ಇಡುತ್ತದೆ ಎಂದು ಮಾತ್ರ ಹೇಳಿರಲಿಲ್ಲ, ಅಥವಾ ಹೇಳಿದಾಗ ನಾನು ಕೇಳಿಸಿಕೊಂಡಿರಲಿಲ್ಲ.

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಎಡಮಗ್ಗುಲಿಗೆ ಮಲಗಿಸಿದರೆ ಮಾತ್ರ ನಿದ್ದೆ, ತನ್ನ ಸೀನಿಗೆ ತಾನೇ ಬೆಚ್ಚುತ್ತಾಳೆ, ನೆತ್ತಿಗೆ ಎಣ್ಣೆ ಹೆಚ್ಚು ಹಾಕಬೇಡ. ಹಾಳೆಯ ಎರಡೂ ಬದಿ ತುಂಬಿಸಿದ್ದೀ. ಕೊಡುವ ಮನಸ್ಸಿದ್ದವಳು ಇಷ್ಟು ಬರೆಯುವುದಿಲ್ಲ. ನಿನ್ನ ಮಾಮನಿಗೂ ಓದಿ ಹೇಳಿದೆ. ಅವರು, "ಆಕಿ ಕೂಸು ಆಕಿ ಹತ್ರನೇ ಇರ್ಲಿ ಬಿಡು" ಎಂದು ಹೊರಗೆ ಹೋದರು. ಪಕ್ಕದ ಮನೆಯ ಅಮೀರುನ್ನಿಸಾ ಮಾತ್ರ, "ಬಾಯಿಗಿ ಬಂದ ತುತ್ತು ಯಾಕ ಬಿಡ್ತಿ ಬೇ" ಎಂದು ಬೈದಳು. ನೋವಿಲ್ಲ ಎಂದು ನಾನು ಹೇಳುವುದಿಲ್ಲ.

ಅತ್ತೆಯವರಿಗೆ ಅಕ್ಕ ಒಲ್ಲೆ ಅಂದಳು ಎಂದು ಹೇಳು. ಬೈಗುಳ ನನಗೇ ಬರಲಿ. ಆ ರವಿವಾರ ನಾವಿಬ್ಬರೂ ಬರುತ್ತೇವೆ. ಕೂಸನ್ನು ಎತ್ತಿಕೊಂಡು ನೀನು ನಿಲ್ಲು. ಉಳಿದ ಮೂವರು ಗದ್ದಲ ಮಾಡದ ಹಾಗೆ ನಾನು ನೋಡಿಕೊಳ್ಳುತ್ತೇನೆ.

ನಿನ್ನ ಅಕ್ಕ,
ಸುವಾರ್ತಾ

ತಾ.ಕ.: ಇಷ್ಟೆಲ್ಲ ಬರೆದವಳೇ ಹೋದ ಸೋಮವಾರ, "ಹದಿನೇಳರ ಶುಕ್ರವಾರ ಬರುತ್ತೇನೆ, ಕೂಸಿನ ಬಟ್ಟೆ ಕಟ್ಟಿಡು" ಎಂದು ಒಂದು ಕಾರ್ಡನ್ನು ಅಂಚೆ ಡಬ್ಬಿಗೆ ಹಾಕಿದ್ದೆ. ಮರುದಿನ ಹೋಗಿ ಬೇಡಿಕೊಂಡರೂ ಅಂಚೆಯವರು ತಿರುಗಿ ಕೊಡಲಿಲ್ಲ. ಅದಕ್ಕೇ ಈ ಕಾಗದವನ್ನು ಜೇವರ್ಗಿಗೆ ಹೊರಟ ಅಮೀರುನ್ನಿಸಾಳ ಕೈಯಲ್ಲಿ ಕೊಟ್ಟಿದ್ದೇನೆ. ಕಾರ್ಡು ಮೊದಲು ಮುಟ್ಟಿದ್ದರೆ ನನ್ನನ್ನು ಕ್ಷಮಿಸು, ಮಾರ್ಥಾ. ಬಟ್ಟೆ ಗಂಟು ಕಟ್ಟಿದ್ದರೆ ಬಿಚ್ಚಿಬಿಡು.